ಮೂಡಣ ಬಾಗಿಲಿನ ನಂಗಲಿ

ಬೆಂಗಳೂರಿನಿಂದ ಕೋಲಾರ, ಮುಳಬಾಗಿಲುಗಳನ್ನು ದಾಟಿ ಚಿತ್ತೂರಿನತ್ತ ಸಾಗುವ ಹೆದ್ದಾರಿಯಲ್ಲಿ, ಆಂಧ್ರದ ಗಡಿಗೆ ಅಂಟಿಕೊಂಡಿರುವ ಊರು ನಂಗಲಿ. ವರ್ತಕರಾದ ನಮಗೆ ಇದು ಬಹುಕಾಲ ಒಂದು ತಪಾಸಣಾ ಠಾಣೆಯ ಹೆಸರು ಮಾತ್ರವಾಗಿತ್ತು. 2017ರಲ್ಲಿ ಸರಕು ಮತ್ತು ಸೇವಾ ತೆರಿಗೆಯು ಜಾರಿಗೆ ಬರುವವರೆಗೂ ಲಾರಿಗಳು ಅಲ್ಲಿ ಸಾಲುಗಟ್ಟಿ ನಿಲ್ಲುತ್ತಿದ್ದವು. ಕಾಗದಪತ್ರಗಳನ್ನು ಹಿಡಿದು ಕಾದು ಕುಳಿತ ಆ ರಾತ್ರಿಗಳಲ್ಲಿ, ಒಬ್ಬ ಚಕ್ರವರ್ತಿಯ ಬಿರುದಿನಲ್ಲಿ ಸೇರಿದ ಊರು ಇದೇ ಎಂಬುದನ್ನು ನಾನು ಅರಿತಿರಲಿಲ್ಲ.

ಹೊಯ್ಸಳ ವಿಷ್ಣುವರ್ಧನನನ್ನು ಶಾಸನಗಳು ತಲಕಾಡು, ಕೊಂಗು, ನಂಗಲಿ, ಗಂಗವಾಡಿ, ನೊಳಂಬವಾಡಿಗಳನ್ನು ಗೆದ್ದವನೆಂದು ಕೊಂಡಾಡುತ್ತವೆ. ಅವನ ರಾಜ್ಯಕ್ಕೆ ಮೂಡಲ ಎಲ್ಲೆ ನಂಗಲಿಯ ಘಟ್ಟ. ಕೆಳಗಿನ ಬಯಲಿನಿಂದ ಘಟ್ಟವೇರಿ ಬರುವ ದಾರಿಯು ಈ ದಿಕ್ಕಿನಿಂದಲೇ ನಾಡನ್ನು ಪ್ರವೇಶಿಸುತ್ತಿದ್ದುದರಿಂದ, ನಂಗಲಿಯನ್ನು ಹಿಡಿದವನ ಕೈಯಲ್ಲಿ ಮನೆಬಾಗಿಲ ಅಗುಳಿ ಇದ್ದಂತೆ. ತಲಕಾಡಿನಿಂದ ಚೋಳರನ್ನು ಹೊರಗಟ್ಟಿದ ದಂಡನಾಯಕ ಗಂಗರಾಜನು ಪರಮ ಜಿನಭಕ್ತ. ಶ್ರವಣಬೆಳಗೊಳದ ಗೊಮ್ಮಟೇಶ್ವರನ ಸುತ್ತಾಲಯವು ಅವನ ಸೇವೆಯೇ ಆಗಿದೆ.

ಮುಳಬಾಗಿಲು ಎಂಬ ಹೆಸರೂ 'ಮೂಡಲ ಬಾಗಿಲು' ಎಂಬುದರಿಂದಲೇ ಬಂದುದು. ಅಲ್ಲಿ ಆಂಜನೇಯನ ಗುಡಿಯಿದೆ, ಶ್ರೀಪಾದರಾಜರ ವೃಂದಾವನವಿದೆ, ಹೈದರ್ ವಲಿಯ ದರ್ಗಾ ಇದೆ. 1768ರಲ್ಲಿ ಹೈದರಾಲಿಯೂ ಇಂಗ್ಲಿಷರ ಕರ್ನಲ್ ವುಡ್ಡನೂ ಕಾದಾಡಿದುದು ಈ ಬಂಡೆಗಳ ನಡುವೆ. ಸಮೀಪದ ಕುರುಡುಮಲೆಯ ಏಕಶಿಲಾ ಗಣಪತಿಯು ಹದಿಮೂರು ಅಡಿಗೂ ಮಿಗಿಲಾದ ಎತ್ತರದ್ದು. ಎಲ್ಲರೂ ಅವನನ್ನು ಕಂಡು ಹಿಂದಿರುಗುತ್ತಾರೆ, ಪಕ್ಕದ ಸೋಮೇಶ್ವರ ಗುಡಿಯ ಕಲ್ಲಿನ ಕೆಲಸವನ್ನು ನೋಡುವವರು ಕಡಿಮೆ.

ಆದರೆ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದುದು ಆವಣಿ. ನೊಳಂಬರ ಕಾಲದ ಈ ಪ್ರಾಕಾರದಲ್ಲಿ ರಾಮಲಿಂಗೇಶ್ವರ, ಲಕ್ಷ್ಮಣೇಶ್ವರ, ಭರತೇಶ್ವರ, ಶತ್ರುಘ್ನೇಶ್ವರರು ಅಣ್ಣತಮ್ಮಂದಿರಂತೆ ಒಟ್ಟಿಗೆ ನಿಂತಿದ್ದಾರೆ. ಅಲಂಕಾರದಲ್ಲಿ ಮಾತ್ರ ತಮ್ಮನಾದ ಲಕ್ಷ್ಮಣನ ಗುಡಿಯೇ ಅಣ್ಣನದನ್ನು ಮೀರಿಸಿದೆ! ಮೇಲಿನ ಬೆಟ್ಟದಲ್ಲಿ ಸೀತೆಯ ಗುಡಿ. ವಾಲ್ಮೀಕಿಯ ಆಶ್ರಮವು ಇಲ್ಲಿಯೇ ಇತ್ತೆಂದು ಊರವರ ನಂಬಿಕೆ.

ಕೋಲಾರವೋ ಗಂಗರ ಕುವಳಾಲಪುರ. ಸಿಂಹನಂದಿ ಆಚಾರ್ಯರ ಅನುಗ್ರಹದಿಂದ ಸ್ಥಾಪಿತವಾಯಿತೆಂದು ಪರಂಪರೆಯು ಹೇಳುವ ರಾಜ್ಯ ಅದು. ಈಗ ಅಲ್ಲಿ ಕಣ್ಣಿಗೆ ಬೀಳುವವು ಚೋಳರ ಶಾಸನಗಳುಳ್ಳ ಕೋಲಾರಮ್ಮನ ಗುಡಿ, ವಿಜಯನಗರ ಕಾಲದ ಸೋಮೇಶ್ವರ, ಹೈದರಾಲಿಯ ತಂದೆಯ ಗೋರಿಯಿರುವ ಮಕ್ಬರಾ.

ಕಳೆದ ಸಲ ಮೊಮ್ಮಗನನ್ನು ಕರೆದುಕೊಂಡು ಆವಣಿಯಿಂದ ನಂಗಲಿಗೆ ಬಂದಾಗ ಸಂಜೆಯಾಗಿತ್ತು. "ತಾತ, ರಾಜ ಗೆದ್ದ ಜಾಗ ಯಾವುದು?" ಎಂದು ಕೇಳಿದ. ಹಿಂದೆ ಲಾರಿಯಲ್ಲಿ ಕಾಯುತ್ತಿದ್ದ ಆ ರಸ್ತೆಯನ್ನೇ ತೋರಿಸಿದೆನು.