ಗ್ರಾಹಕರ ಪಟ್ಟಿ ದೊಡ್ಡದು, ಪ್ರೇಕ್ಷಕರು ಮಾತ್ರ ಬೆರಳೆಣಿಕೆ: ಏಕೆ?

ಅಂಗಡಿಯ ಬಿಲ್ಲುಗಳಲ್ಲಿ ಸಾವಿರಾರು ಗ್ರಾಹಕರ ದೂರವಾಣಿ ಸಂಖ್ಯೆಗಳಿವೆ. ಅವನ್ನು ಗೂಗಲ್ ಆಡ್ಸ್‌ಗೆ ಏರಿಸಿದರೆ ಪಟ್ಟಿ ತೀರ ಚಿಕ್ಕದೆಂಬ ಉತ್ತರ ಬರುತ್ತದೆ; ಜಾಹೀರಾತು ಯಾರಿಗೂ ಕಾಣುವುದಿಲ್ಲ. ಆಗ ಯಾರೋ ಮಾರುವ ಸಂಖ್ಯೆಗಳನ್ನು ಕೊಂಡು ಪಟ್ಟಿ ಹಿಗ್ಗಿಸುವ ಆಸೆ ಮೂಡುವುದು ಸಹಜ. ಅದಕ್ಕೆ ಮುನ್ನ ಇರುವ ಪಟ್ಟಿಯನ್ನೇ ಪರಿಶೀಲಿಸುವುದು ಲೇಸು.

ಗೂಗಲ್ 2015ರಲ್ಲಿ ಆರಂಭಿಸಿದ ‘ಕಸ್ಟಮರ್ ಮ್ಯಾಚ್’ ಸೌಲಭ್ಯವು ವ್ಯಾಪಾರಿ ಕೊಟ್ಟ ಇ-ಮೇಲ್, ದೂರವಾಣಿ ಸಂಖ್ಯೆ ಮೊದಲಾದ ವಿವರಗಳನ್ನು ತನ್ನ ಖಾತೆದಾರರ ವಿವರಗಳೊಡನೆ ತಾಳೆ ನೋಡುತ್ತದೆ. ತಾಳೆಯಾದವರಷ್ಟೇ ಪ್ರೇಕ್ಷಕರು. ಡಿಸ್‌ಪ್ಲೇ ಜಾಹೀರಾತಿಗೆ ಹಿಂದಿನ 30 ದಿನಗಳಲ್ಲಿ ಸಕ್ರಿಯರಾಗಿದ್ದ ಕನಿಷ್ಠ 100 ಮಂದಿ ಬೇಕು. ಫೇಸ್‌ಬುಕ್‌ನಲ್ಲಿಯೂ ಕನಿಷ್ಠ 100 ಮಂದಿ ತಾಳೆಯಾಗಬೇಕು.

ನಮ್ಮಲ್ಲಿ ತಪ್ಪು ಹೆಚ್ಚಾಗಿ ನುಸುಳುವುದು ದೂರವಾಣಿ ಸಂಖ್ಯೆಯಲ್ಲಿ. ಹತ್ತು ಅಂಕಿಗಳನ್ನಷ್ಟೇ ಬರೆದರೆ ಅಥವಾ ಮುಂದೆ ಸೊನ್ನೆ ಸೇರಿಸಿದರೆ ಸಾಲದು. ಗೂಗಲ್‌ಗೆ +91 ಸಹಿತ ಪೂರ್ಣ ಸಂಖ್ಯೆ ಬೇಕು. ಎಕ್ಸೆಲ್ ಇನ್ನೂ ತುಂಟ. ಹನ್ನೆರಡು ಅಂಕಿಗಳ ಸಂಖ್ಯೆಯನ್ನು ಅದು ‘9.19ಇ+11’ ಎಂದು ಕುಗ್ಗಿಸಿ ತೋರಿಸುತ್ತದೆ. ಹಾಗೆಯೇ ಸಿಎಸ್‌ವಿ ಕಡತವಾಗಿ ಉಳಿಸಿದರೆ ಕೊನೆಯ ಅಂಕಿಗಳು ಕಳೆದುಹೋಗುತ್ತವೆ, ಪಟ್ಟಿಯೇ ನಿರುಪಯುಕ್ತವಾಗುತ್ತದೆ. ಆದ್ದರಿಂದ ಸಂಖ್ಯೆ ತುಂಬುವ ಮೊದಲೇ ಆ ಕಾಲಮ್ಮನ್ನು ‘ಟೆಕ್ಸ್ಟ್’ ಎಂದು ಗುರುತಿಸಬೇಕು.

ಇ-ಮೇಲ್‌ನದು ಬೇರೆ ಕಥೆ. ಗ್ರಾಹಕರು ಬಿಲ್ಲಿಗೆ ಕಚೇರಿಯ ವಿಳಾಸ ಕೊಟ್ಟು, ಗೂಗಲ್‌ಗೆ ಮತ್ತೊಂದರಿಂದ ಪ್ರವೇಶಿಸುತ್ತಿದ್ದರೆ ತಾಳೆಯಾಗದು. ಒಬ್ಬರ ಇ-ಮೇಲ್, ದೂರವಾಣಿ ಎರಡನ್ನೂ ಒಂದೇ ಸಾಲಿನಲ್ಲಿ ಕೊಟ್ಟರೆ ತಾಳೆಯಾಗುವ ಸಾಧ್ಯತೆ ಹೆಚ್ಚುತ್ತದೆ.

ವಿವರಗಳನ್ನು ಎಸ್‌ಎಚ್‌ಎ-256 ವಿಧಾನದಲ್ಲಿ ತಾವೇ ಸಂಕೇತಕ್ಕಿಳಿಸುವವರು ಮೊದಲು ಖಾಲಿ ಜಾಗಗಳನ್ನು ತೆಗೆದು, ಇಂಗ್ಲಿಷ್ ಅಕ್ಷರಗಳನ್ನೆಲ್ಲ ಸಣ್ಣಕ್ಷರಕ್ಕೆ ತರಬೇಕು. ಒಂದು ಸ್ಪೇಸ್ ಉಳಿದರೂ ಸಂಕೇತ ಪೂರ್ತಿ ಬೇರೆಯಾಗುತ್ತದೆ. ಈ ಗೊಡವೆ ಬೇಡವಾದವರು ಕಡತವನ್ನು ಇದ್ದಂತೆಯೇ ಏರಿಸಬಹುದು. ಗೂಗಲ್ ಆಡ್ಸ್ ತಾನೇ ಸಂಕೇತಕ್ಕಿಳಿಸಿಕೊಳ್ಳುತ್ತದೆ. ಫಲಿತಾಂಶಕ್ಕೆ ಎರಡು ದಿನ ಕಾಯುವುದು ಒಳ್ಳೆಯದು.

ಹಿಂದೆ ಸರಿಯಿದ್ದ ಪಟ್ಟಿ ಈಗ ಕುಗ್ಗಿದ್ದರೆ ಕಾರಣ ಅವಧಿಯಿರಬಹುದು. 2025ರ ಏಪ್ರಿಲ್‌ನಿಂದ ಗೂಗಲ್ ಸದಸ್ಯತ್ವದ ಗರಿಷ್ಠ ಅವಧಿಯನ್ನು 540 ದಿನಗಳಿಗೆ ಮಿತಿಗೊಳಿಸಿದೆ. ಅಷ್ಟರೊಳಗೆ ಪಟ್ಟಿಯನ್ನು ನವೀಕರಿಸದಿದ್ದರೆ ಹೆಸರುಗಳು ಉದುರುತ್ತವೆ.

ಇಷ್ಟಾಗಿಯೂ ನೂರು ದಾಟದಿದ್ದರೆ ಬಡಾವಣೆವಾರು, ಸರಕುವಾರು ಒಡೆದಿಟ್ಟ ಪಟ್ಟಿಗಳನ್ನು ಒಂದುಗೂಡಿಸಬಹುದು. ಕೊಂಡ ಪಟ್ಟಿ ಮಾತ್ರ ಸಲ್ಲದು. ಗ್ರಾಹಕರು ನೇರವಾಗಿ ತಮಗೆ ಕೊಟ್ಟ ವಿವರಗಳನ್ನಷ್ಟೇ ಬಳಸಬೇಕೆಂಬುದು ಗೂಗಲ್‌ನ ನಿಯಮ. ಮುರಿದರೆ ಈ ಸೌಲಭ್ಯವೇ ಕೈತಪ್ಪಬಹುದು.