ಗಾರೆ ಉಳಿದರೆ ಇಟ್ಟಿಗೆ ಉಳಿದೀತು

2019ರ ಮೇ ತಿಂಗಳಲ್ಲಿ ಚಾರ್‌ಮಿನಾರ್‌ನ ಒಂದು ಮಿನಾರಿನಿಂದ ಗಾರೆಯ ತುಂಡು ಕಳಚಿ ಬಿದ್ದಿತು. ಹಿಮಾಯತ್‌ನಗರದ ಕನ್ನಡಿಗರಾದ ನಮಗೆ ಆಗ ನೆನಪಾದುದು ಹಾಸನದ ಬಳಿಯ ಶೆಟ್ಟಿಹಳ್ಳಿಯ ಇಗರ್ಜಿ.

1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಹೇಮಾವತಿಯ ದಡದಲ್ಲಿ ಕಟ್ಟಿಸಿದ ಈ ಇಟ್ಟಿಗೆಯ ಇಗರ್ಜಿ ಗೊರೂರು ಅಣೆಕಟ್ಟಿನ ಹಿನ್ನೀರಿಗೆ ಸಿಲುಕಿ ದಶಕಗಳೇ ಕಳೆದಿವೆ. ಮಳೆಗಾಲದಲ್ಲಿ ಮುಳುಗಿ ಬೇಸಿಗೆಯಲ್ಲಿ ಮೇಲೇಳುತ್ತದೆ. ಅದರ ಗಾರೆಗೆ ಬೆಲ್ಲ, ಮೊಟ್ಟೆ ಬೆರೆಸಿದ್ದರೆಂಬುದು ಜನರ ಮಾತು.

ಸುಣ್ಣದ ಗಾರೆ ಇಟ್ಟಿಗೆಗಿಂತ ಮೃದು. ಗೋಡೆ ಹೀರಿದ ತೇವ ಸಂದುಗಳ ಮೂಲಕವೇ ಆರಿಹೋಗುತ್ತದೆ; ಗಾರೆ ತಾನು ಸವೆದು ಇಟ್ಟಿಗೆಯನ್ನು ಕಾಯುತ್ತದೆ. ಸವೆದ ಸಂದಿಗೆ ಸಿಮೆಂಟು ತುಂಬಿದರೆ ಈ ಕ್ರಮ ತಲೆಕೆಳಗಾಗುತ್ತದೆ. ತೇವ ಇಟ್ಟಿಗೆಯೊಳಗೆ ನಿಂತು, ಲವಣ ಹರಳುಗಟ್ಟಿ, ಇಟ್ಟಿಗೆಯ ಮುಖವೇ ಪದರಪದರವಾಗಿ ಉದುರುತ್ತದೆ.

ಸರಿಯಾದ ದುರಸ್ತಿ ತಾಳ್ಮೆಯ ಕೆಲಸ. ಸಂದಿನ ಅಗಲದ ಎರಡರಷ್ಟು ಆಳಕ್ಕೆ ಸಡಿಲ ಗಾರೆಯನ್ನು ಕೈಯುಳಿಯಿಂದ ತೆಗೆದು, ನೀರು ಚಿಮುಕಿಸಿ, ಸುಣ್ಣ ಮರಳಿನ ಹೊಸ ಗಾರೆಯನ್ನು ಒತ್ತಿ ತುಂಬಿ, ಒದ್ದೆ ಗೋಣಿ ಹೊದಿಸಿ ದಿನಗಟ್ಟಲೆ ಕಾಯಬೇಕು. ಇಲ್ಲಿಯ ಕುತುಬ್‌ಶಾಹಿ ಗೋರಿಗಳಲ್ಲಿ 2013ರಿಂದ ಆಗಾ ಖಾನ್ ಟ್ರಸ್ಟ್ ನಡೆಸಿದ ಜೀರ್ಣೋದ್ಧಾರದಲ್ಲಿ ಹಳೆಯ ದುರಸ್ತಿಯ ಸಿಮೆಂಟನ್ನು ಕಿತ್ತು ಮತ್ತೆ ಸುಣ್ಣದ ಗಾರೆಯನ್ನೇ ಬಳಸಿದರು.

ಶೆಟ್ಟಿಹಳ್ಳಿಯ ಕಷ್ಟ ಇದಕ್ಕಿಂತ ದೊಡ್ಡದು. ಸೂರಿಲ್ಲದ ಗೋಡೆಗಳಿಗೆ ನೆತ್ತಿಯಿಂದ ಮಳೆ, ಬುಡದಿಂದ ಹಿನ್ನೀರು. ಅಲ್ಲಿ ತೇವದಲ್ಲೂ ಗಟ್ಟಿಯಾಗುವ, ಇಟ್ಟಿಗೆಪುಡಿ ಬೆರೆಸಿದ ಗಾರೆ ಬೇಕು. ಗೋಡೆಯ ನೆತ್ತಿಗೂ ಅದರ ಹೊದಿಕೆ ಬೇಕು. ಈಗಾಗಲೇ ಗೋಡೆಗಳ ಭಾಗಗಳು ಕುಸಿದಿವೆ. ಉಳಿದುದನ್ನು ಕಾಯಲು ವರ್ಷಕ್ಕೆ ದೊರೆಯುವುದು ನೀರಿಳಿದ ಕೆಲವೇ ತಿಂಗಳು. ಆ ತಿಂಗಳುಗಳಲ್ಲಿ ಅಲ್ಲಿಗೆ ಸುಣ್ಣ ಬಲ್ಲ ಕೈಗಳು ಮೊದಲು ತಲುಪಲಿ, ಸಿಮೆಂಟಿನ ಚೀಲವಲ್ಲ.