ಕೃಷಿ ವಿಸ್ತರಣೆ (ಹಾಸನ ಜಿಲ್ಲೆ)

ಕೃಷಿ ವಿಶ್ವವಿದ್ಯಾನಿಲಯದ ಸಂಶೋಧನೆ ಮತ್ತು ಬೋಧನೆಯನ್ನು ರೈತರ ಹೊಲಕ್ಕೆ ತಲುಪಿಸುವ, ಹೊಲದ ಸಮಸ್ಯೆಯನ್ನು ಸಂಶೋಧಕರಿಗೆ ಮರಳಿ ಮುಟ್ಟಿಸುವ ಕಾರ್ಯ. 1964ರಲ್ಲಿ ಸ್ಥಾಪನೆಯಾದ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯ ಬೋಧನೆ, ಸಂಶೋಧನೆ, ವಿಸ್ತರಣೆ ಮೂರನ್ನೂ ಸಮಾನ ಹೊಣೆಗಳಾಗಿ ಸ್ವೀಕರಿಸಿತು. ಅದರ ಆಶ್ರಯದಲ್ಲಿ ಹಾಸನದ ಬಳಿಯ ಕಾರೆಕೆರೆಯಲ್ಲಿ ಕೃಷಿ ಮಹಾವಿದ್ಯಾಲಯವೂ ಕಂದಲಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವೂ ಬೆಳೆದವು.

ವಿಧಾನಗಳು: ಕೃಷಿ ವಿಜ್ಞಾನ ಕೇಂದ್ರಗಳು ಹೊಸ ತಳಿ ಅಥವಾ ಬೇಸಾಯ ಕ್ರಮವನ್ನು ಮೊದಲು ರೈತರ ಜಮೀನಿನಲ್ಲೇ ಪರೀಕ್ಷಿಸುತ್ತವೆ, ಫಲ ಕಂಡದ್ದನ್ನು ಮುಂಚೂಣಿ ಪ್ರಾತ್ಯಕ್ಷಿಕೆ, ತರಬೇತಿ, ಕ್ಷೇತ್ರೋತ್ಸವಗಳ ಮೂಲಕ ಹರಡುತ್ತವೆ. ಕೃಷಿ ಪದವಿಯ ಅಂತಿಮ ವರ್ಷದ ವಿದ್ಯಾರ್ಥಿಗಳು ಗ್ರಾಮೀಣ ಕೃಷಿ ಕಾರ್ಯಾನುಭವ ಕಾರ್ಯಕ್ರಮದಡಿ ಹಳ್ಳಿಯಲ್ಲಿ ನೆಲೆಸುತ್ತಾರೆ. ಊರ ಅಂಗಳದಲ್ಲಿ ರಂಗೋಲಿ ಪುಡಿಯಿಂದ ಗ್ರಾಮದ ನಕ್ಷೆ ಬರೆದು, ಕೆರೆ, ಬೆಳೆ, ಮೇವುಗಳ ಸ್ಥಿತಿಯನ್ನು ಊರವರಿಂದಲೇ ತಿಳಿಯುತ್ತಾರೆ.

ಸ್ಥಳೀಯ ಬೆಳೆಗಳು: ಹಾಸನ, ಅರಕಲಗೂಡು ಸೀಮೆಯಲ್ಲಿ ಮುಂಗಾರಿನ ಆಲೂಗಡ್ಡೆ ಮುಖ್ಯ. ಬಿತ್ತನೆ ಗಡ್ಡೆ ಬಹುಪಾಲು ಪಂಜಾಬಿನ ಜಲಂಧರ್ ಕಡೆಯಿಂದ ಬರುತ್ತದೆ. ತಂಪು, ಜಡಿಮಳೆಯಲ್ಲಿ ಅಂಗಮಾರಿ ರೋಗ ಬೇಗ ಹಬ್ಬುತ್ತದೆ. ಆದ್ದರಿಂದ ಗಡ್ಡೆಯ ಆಯ್ಕೆ, ಬೀಜೋಪಚಾರ, ಸಕಾಲಿಕ ಸಿಂಪಡಣೆ ಇಲ್ಲಿನ ತರಬೇತಿಯ ಜೀವಾಳ. ಚನ್ನರಾಯಪಟ್ಟಣದ ತೆಂಗಿಗೆ ಕಪ್ಪುತಲೆ ಹುಳು, ನುಸಿಗಳ ನಿರ್ವಹಣೆ ಬೇಕು. ಕಪ್ಪುತಲೆ ಹುಳುವಿಗೆ ಪರತಂತ್ರ ಕೀಟಗಳ ಬಿಡುಗಡೆ ಪರಿಣಾಮಕಾರಿ ಉಪಾಯ. ಹೊಳೆನರಸೀಪುರದ ಹೇಮಾವತಿ ದಡದಲ್ಲಿ ಭತ್ತ ಪ್ರಧಾನ.

ಮಹತ್ವ: ಮಳೆಯ ಲಯ, ಮಣ್ಣಿನ ಗುಣ ಬಲ್ಲ ರೈತನೂ ಇಲ್ಲಿ ಗುರು. ಅವನ ಅನುಭವ ಪ್ರಯೋಗಾಲಯಕ್ಕೆ ಮರಳಿದಾಗಲೇ ವಿಸ್ತರಣೆ ಪೂರ್ಣವಾಗುತ್ತದೆ.